ಹೆಣ್ಣು ನೋಡಲು ಹೋಗಿ ಗೂಡ್ಸ್ ಗಾಡಿ ನೋಡಿದ್ದು

ಕೆಲವರಿಗೆ ಊರಿಗೆ ನಾಟಕ ಬಂದರೆ ಕಾಲು ನಿಲ್ಲುವುದಿಲ್ಲ, ಕೆಲವರಿಗೆ ಇಸ್ಪೀಟು ಕಲೆಸುವ ಸದ್ದು ಕೇಳಿದರೆ ಸಾಕು. ನನಗೆ ಡೀಸೆಲ್ ಇಂಜಿನ್ನು. ಅದರಲ್ಲೂ ಗೂಡ್ಸ್ ಗಾಡಿ ಎಳೆಯುವ, ಬಣ್ಣ ಮಾಸಿದ, ಮೈತುಂಬ ಎಣ್ಣೆ ಸುರಿಸಿಕೊಂಡ ಹಳೆಯ ಇಂಜಿನ್ನು. ಮೇಲ್ ಗಾಡಿಯದು ಊಟಕ್ಕೆ ತಡವಾದವರ ಹಾಗೆ ಓಡಿಬಿಡುತ್ತದೆ. ಗೂಡ್ಸಿನದು ನಿಧಾನ, ಅದು ದುಡಿಯುವುದನ್ನು ಕಣ್ತುಂಬ ನೋಡಬಹುದು. ನಮ್ಮ ಕಾಳಗಿಯಲ್ಲಿ ರೈಲಿಲ್ಲ. ಶಾಲೆಗೆ ರಜೆ ಸಿಕ್ಕರೆ ನಾನು ಮಾಸ್ತರನೆಂಬ ಘನತೆಯನ್ನು ಮನೆಯಲ್ಲಿಟ್ಟು, ಬಸ್ಸು ಹಿಡಿದು ವಾಡಿಗೆ ಹೋಗಿ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಮನೆಯವರು ಇದನ್ನು ಕಾಯಿಲೆಯೆಂದು ಬಗೆದು, ಮದುವೆ ಮಾಡಿದರೆ ವಾಸಿಯಾದೀತೆಂದು ಚಿತ್ತಾಪುರದಲ್ಲಿ ಒಂದು ಸಂಬಂಧ ಹುಡುಕಿದರು.

ಸೋದರಮಾವ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವರದು ಒಂದೇ ಮಾತು: “ಅಲ್ಲಿ ಇಂಜಿನ್ ಮಾತು ತಗೀಬ್ಯಾಡ.” ಒಪ್ಪಿಕೊಂಡೆ. ಆದರೆ ಹೆಣ್ಣಿನ ಮನೆ ರೈಲು ಹಳಿಯ ಪಕ್ಕದಲ್ಲೇ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

ಪಡಸಾಲೆಯಲ್ಲಿ ಕೂತೆವು. ಹುಡುಗಿ ಶರಣಮ್ಮ ಒಗ್ಗರಣೆ ಹಾಕಿದ ಮಂಡಕ್ಕಿಯ ಸೂಸಲದ ತಟ್ಟೆ ಹಿಡಿದು ಬಂದಳು. ಅದೇ ಹೊತ್ತಿಗೆ ಕಿಟಕಿಯಾಚೆ, ಸಿಗ್ನಲ್ಲಿಗೆ ನಿಂತಿದ್ದ ಸಿಮೆಂಟಿನ ಗೂಡ್ಸ್ ಗಾಡಿ ಮುಂದಿನ ಏರು ಹತ್ತಲು ಹೊರಟಿತು. ಸಣ್ಣಗೆ ಮಳೆ ಬಂದು ಹಳಿ ಒದ್ದೆಯಾಗಿತ್ತು. ಇಂಜಿನ್ನು ಗುಡುಗಿತು, ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗಿದವು, ಗಾಡಿ ಕದಲಲಿಲ್ಲ. ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲು ಅಂಗಾಲಿನಡಿ ನಡುಗಿತು. ಹುಡುಗಿಯನ್ನು ನೋಡಬೇಕಾದ ಕಣ್ಣು ಕಿಟಕಿಗೆ ಹೋಯಿತು. ಗಾಲಿ ಜಾರದಂತೆ ಇಂಜಿನ್ನಿನಿಂದ ಹಳಿಯ ಮೇಲೆ ಮರಳು ಸುರಿಯಿತು. ಮತ್ತೆ ಗುಡುಗು, ಕಪ್ಪು ಹೊಗೆ. ಕೊಂಡಿಗಳು ಒಂದೊಂದಾಗಿ ಬಿಗಿದುಕೊಂಡ ಸದ್ದು ಕಟ್ಟಕಡೆಯ ಡಬ್ಬಿಯವರೆಗೂ ಓಡಿತು. ಇಡೀ ಗಾಡಿ, ಇಷ್ಟಿಷ್ಟೇ, ಕದಲಿತು! ನನ್ನ ಕಣ್ಣಲ್ಲಿ ನೀರೇ ಬಂತು.

“ಏನ್ರಿ ಮಾಸ್ತರ್ರ, ಮನಸ್ಸಿಗಿ ಬಂತೇನ್ರಿ?” ಎಂದರು ಹುಡುಗಿಯ ತಂದೆ.

“ಭಾಳ ಬಂತ್ರಿ! ಹಳೀದಾದ್ರೂ ಏನ್ ತಾಕತ್ ಅದರಿ! ಹೊಗಿ ಜರಾ ಜಾಸ್ತಿ ಬಿಡ್ತದ, ಆದ್ರ ಎಷ್ಟ್ ಭಾರ ಇದ್ರೂ ಎಳೀತದ!”

ಸೋದರಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಹುಡುಗಿಯ ತಂದೆ ಎದ್ದುನಿಂತು, “ನಮ್ಮ ಹುಡುಗಿಗಿ ಹಳೀದಂತೀರೇನು?” ಎಂದು ಬಾಗಿಲ ಕಡೆ ಕೈ ತೋರಿದರು. ನಾನು ಕಿಟಕಿಯ ಕಡೆ ಕೈ ತೋರಿದೆ.

ಶರಣಮ್ಮ ತಟ್ಟೆ ಕೆಳಗಿಟ್ಟಳು. “ಎಪ್ಪಾ, ಅವ್ರು ಇಂಜಿನ್ನಿಗಿ ಅನ್ನಾಕತ್ತಾರ. ಖರೇನೇ ಅದ. ನಿನ್ನಿ ಇದೇ ಏರಿಗಿ ಹೊಸಾ ಇಂಜಿನ್ ಸೋತು ಹಿಂದ ಹೋತು. ಮಾಳಗಿ ಮ್ಯಾಲಿಂದ ನಾನೇ ನೋಡೀನಿ.” ಆಮೇಲೆ ನನ್ನ ಕಡೆ ತಿರುಗಿ, “ಕುಂದ್ರಿ, ಸೂಸಲಾ ಆರ್ತದ. ಸಂಜಿಗಿ ಇನ್ನೊಂದು ಬರ್ತದ,” ಎಂದಳು.

ಕೂತೆ. ಸಂಜೆಯವರೆಗೂ ಕೂತೆ. ತಂದೆಯವರು ಮಗಳ ಮುಖವನ್ನೂ ನನ್ನ ಮುಖವನ್ನೂ ಸರದಿಯ ಮೇಲೆ ನೋಡಿ, ಇವರಿಬ್ಬರನ್ನೂ ಬೇರೆ ಯಾರೂ ಒಪ್ಪಲಾರರೆಂದು ತೀರ್ಮಾನಿಸಿ ಎಲೆಯಡಿಕೆ ಕೊಟ್ಟರು.

ಈಗ ರಜೆಗೆ ಇಬ್ಬರೂ ವಾಡಿಗೆ ಹೋಗುತ್ತೇವೆ. “ಅವತ್ತು ನಾ ಯಾವ ಬಣ್ಣದ ಸೀರಿ ಉಟ್ಟಿದ್ದೆ, ಹೇಳ್ರಿ ನೋಡಮ್,” ಎಂದು ಆಕೆ ಆಗಾಗ ಕೇಳುತ್ತಾಳೆ. ಯಾವ ಗಾಡಿಯೂ ಬಾರದ ಹೊತ್ತಿನಲ್ಲೂ ನಾನು ಎದ್ದು ನಿಂತು ಸಿಗ್ನಲ್ ನೋಡತೊಡಗುತ್ತೇನೆ.