ಹದಿನೈದು ದಿನ ಮೊದಲೇ ಕೊಟ್ಟ ಕಾಗದ

ಮೂರೇ ತಿಂಗಳಲ್ಲಿ ಇಂಗ್ಲಿಷನ್ನು ಅರೆದು ಕುಡಿಯುತ್ತೇನೆಂದು ನಾನು ಇಡೀ ಪಾಲೆನ್ಸಿಯಾ ಊರಿಗೇ ಸಾರಿದ್ದೆ! ನಮ್ಮ ಬಿಸ್ಕತ್ತು ಕಾರ್ಖಾನೆ ಹೊರದೇಶಕ್ಕೆ ಮಾಲು ಕಳಿಸತೊಡಗಿತ್ತು. ಆ ವಿಭಾಗದ ಕುರ್ಚಿ ಎಲೋಯ್ ಎಂಬ ಈ ಗುಮಾಸ್ತನಿಗಾಗಿಯೇ ಹುಟ್ಟಿದೆ ಎಂಬುದು ನನ್ನ ನಂಬಿಕೆ.

ಸಂಜೆ ತರಗತಿಯ ಮೇಡಂ ಆ ವಾರ ಕೊಟ್ಟ ಪಾಠ, ಕೆಲಸ ಬಿಡುವವರ ಮಾತುಗಳು. ರಾಜೀನಾಮೆ, ಹದಿನೈದು ದಿನ ಮೊದಲೇ ಕೊಡಬೇಕಾದ ನೋಟಿಸು, ಬಾಕಿ ಚುಕ್ತಾ... ಒಂದು ಪುಟ ನಮ್ಮ ಸ್ಪ್ಯಾನಿಷ್‌ನಲ್ಲಿ, ಇನ್ನೊಂದು ಇಂಗ್ಲಿಷ್‌ನಲ್ಲಿ, ನಿಜವಾದ ಪತ್ರದಂತೆಯೇ ಬರೆದು ತರಬೇಕು. ಬರೆದೆ. ಹುಮ್ಮಸ್ಸಿನಲ್ಲಿ ಕಾರ್ಖಾನೆಯ ಹೆಸರು, ತಾರೀಖು ಹಾಕಿ, ಎರಡರ ಕೆಳಗೂ ಮೂರು ಸುತ್ತು ಬಾಲದ ನನ್ನ ರಾಜಸಹಿಯನ್ನು ಜಡಿದೆ!

"ಎಲೋಯ್, ಆಗಸ್ಟ್ ರಜೆಯ ಅರ್ಜಿಗೆ ಇವತ್ತು ಹನ್ನೆರಡು ಗಂಟೇನೇ ಕೊನೆ. ಸಮುದ್ರದ ದಂಡೇಲಿ ಅಮ್ಮ ಕೋಣೆ ಗುಡಿಸಿ ಕಾಯ್ತಿದ್ದಾಳೆ. ಮರೆತೀಯಾ, ಜೋಕೆ!" ಎಂದಳು ಮರುದಿನ ಬೆಳಿಗ್ಗೆ ಹೆಂಡತಿ ನಿಯೆವೆಸ್.

"ನಾನೇನು ಚಿಕ್ಕ ಮಗುವೇ?"

ಕಾರ್ಖಾನೆಗೆ ಹೋದವನೇ ಫೈಲಿನಿಂದ ಸಹಿಯಿದ್ದ ಎರಡು ಹಾಳೆ ಎಳೆದು ಸಿಬ್ಬಂದಿ ವಿಭಾಗದ ಮಿಲಾಗ್ರೋಸ್ ಮುಂದಿಟ್ಟೆ. ನಮ್ಮಲ್ಲಿ ಹಾಳೆ ಎರಡಿದ್ದು, ಕೆಳಗೆ ಸಹಿಯಿದ್ದರೆ ಮುಗಿಯಿತು, ಯಾರೂ ಓದುವುದಿಲ್ಲ. ಧಡ್, ಧಡ್! ಎರಡು ಮುದ್ರೆ ಬಿದ್ದವು.

ಒಂದೂವರೆಗೆ ಫೈಲು ತೆರೆದರೆ ರಜೆಯ ಅರ್ಜಿ ಅಲ್ಲೇ ಇದೆ! ಮನೆಪಾಠ ಇಲ್ಲ! ಮಿಲಾಗ್ರೋಸ್ ಮೇಜಿಗೆ ಧಾವಿಸಿದೆ.

"ಮಿಲಾಗ್ರೋಸ್, ಬೆಳಿಗ್ಗೆ ಕೊಟ್ಟ ಕಾಗದ ಎಲ್ಲಿ?"

"ಎವಾರಿಸ್ತೊ ಅವರ ಕಚೇರಿಗೆ ಹೋಯ್ತಲ್ಲ! ಎಲ್ಲಾ ಕಾಗದಾನೂ ಎರಡು ಗಂಟೆಗೆ ಕಂಪ್ಯೂಟರಿಗೆ ಏರಿಸ್ತಾರೆ. ಏರಿದ ಮೇಲೆ ದೇವರೇ ಬಂದ್ರೂ ಇಳಿಸೋಕಾಗಲ್ಲ. ಯಾಕೆ?"

ಇಪ್ಪತ್ತೆರಡು ವರ್ಷದ ನೌಕರಿ ಮನೆಪಾಠಕ್ಕೆ ಬಲಿ! ಬಿದ್ದೆನೋ ಎದ್ದೆನೋ ಎಂದು ಓಡಿದೆ. ಐವತ್ತು ದಾಟಿದವನಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ನಿಜಕ್ಕೂ ಹೆದರಿದ್ದೆ. ಕಾರ್ಖಾನೆಯ ನೌಕರರ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುವ ಎವಾರಿಸ್ತೊ ಅವರ ಕಚೇರಿಯ ಮೆಟ್ಟಿಲು ಹತ್ತುವಾಗಲೇ ಚರ್ಚಿನ ಗಂಟೆ ಎರಡು ಬಾರಿಸಿತು.

"ನನ್ನ ರಾಜೀನಾಮೆ! ಏರಿಸಿಬಿಟ್ರಾ?"

ಎವಾರಿಸ್ತೊ ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ಇಲ್ಲ ಮಾರಾಯ್ರೆ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಒಂದು ಕಾಗದಾನಾದ್ರೂ ಹೊತ್ತಿಗೆ ಸರಿಯಾಗಿ ಬಂದಿದ್ಯಾ? ಇದು ಹದಿನೈದು ದಿನ ಮೊದಲೇ ಬಂದಿದೆ! ಯಾರೋ ನಿಮ್ಮ ಸಹಿ ಕದ್ದಿದ್ದಾರೆ ಅಂತ ಪಕ್ಕಕ್ಕಿಟ್ಟೆ."

ಅವರ ಎರಡೂ ಕೈ ಹಿಡಿದುಕೊಂಡೆ. ಕಣ್ಣಲ್ಲಿ ನೀರೇ ಬಂತು. "ಹಾಗಾದ್ರೆ ಈ ರಜೆ ಅರ್ಜಿ ತಗೊಳ್ಳಿ."

ಗಡಿಯಾರ ನೋಡಿದರು. "ಎರಡು ಗಂಟೆ ತಡ. ಹಾಂ, ಇದು ಖಂಡಿತ ನಿಮ್ದೇ! ಆದ್ರೆ ನಡೆಯಲ್ಲ."

ಮನೆಯಲ್ಲಿ ನಿಯೆವೆಸ್ ಎಲ್ಲವನ್ನೂ ಕೇಳಿದಳು. ಕೂಗಾಡಲಿಲ್ಲ, ಅದೇ ಹೆಚ್ಚು ಭಯ! ಎವಾರಿಸ್ತೊ ಹಿಂದಿರುಗಿಸಿದ್ದ ನನ್ನ ಮನೆಪಾಠ ಕಸಿದುಕೊಂಡು, ನನ್ನ ಹೆಸರು ಹೊಡೆದುಹಾಕಿ ತನ್ನ ಹೆಸರು ಬರೆದಳು.

"ಇವತ್ತಿಗೆ ಹದಿನೈದು ದಿನಕ್ಕೆ ನಾನು ಅಮ್ಮನ ಮನೇಲಿ, ಸಮುದ್ರದ ದಂಡೇಲಿ. ನಿನ್ನ ಅಡುಗೆ, ನಿನ್ನ ಬಟ್ಟೆ, ನಿನ್ನ ಫೈಲು, ಎಲ್ಲಕ್ಕೂ ರಾಜೀನಾಮೆ. ಎರಡು ಹಾಳೆ ಇದೆ, ತಲುಪಿತು ಅಂತ ಸಹಿ ಹಾಕು!"

ಈ ಸಲ ಮಾತ್ರ ಎರಡೂ ಪುಟ ಓದಿಯೇ ಸಹಿ ಹಾಕಿದೆ.