ಮೋಹನದಾಸರ ಕ್ಯಾಮೆರಾ ಸಾಕ್ಷಿ

ಹಿಂದೊಮ್ಮೆ ಕಾರ್ಟೂನ್ ಸಿನಿಮಾದಲ್ಲಿ ನಾಯಿಮರಿಯ ತಾಯಿ ಸತ್ತದ್ದನ್ನು ನೋಡಿ ಬಂದ ಆರು ವರ್ಷದ ಸಂಚಿತಾ ವಾರವಿಡೀ ಅಮ್ಮನ ಶಾಲು ಬಿಟ್ಟಿರಲಿಲ್ಲ. ಅಮ್ಮ ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕಾವಲು. ಅಂದಿನಿಂದ ದೇರೆಬೈಲಿನ ಆ ಮನೆಯಲ್ಲಿ ಕಾರ್ಟೂನ್ ಸಿನಿಮಾಕ್ಕೆ ನಿಷೇಧ. ಅಜ್ಜ ಮೋಹನದಾಸರು ಮಗಳ ಮುಂದೆ ತಲೆಯಾಡಿಸಿ ಒಪ್ಪಿದ್ದರು. ಆದರೆ ಮೊಮ್ಮಗಳು ಗಲ್ಲ ಹಿಡಿದು "ಒಂದೇ ಒಂದು, ಅಜ್ಜ" ಎಂದಾಗ ಅದೇ ತಲೆ ಅದಕ್ಕೂ ಆಡಿತು. "ಪಾರ್ಕಿಗೆ ಹೋಗಿ ಬರ್ತೇವೆ" ಎಂದು ಹೊರಟರು.

ಆನೆಮರಿಯ ಸಿನಿಮಾ. ಸರಿಯಾಗಿ ಇಂಟರ್ವಲ್ಲಿನ ಹೊತ್ತಿಗೆ ತಾಯಾನೆ ತುಂಬಿದ ಹೊಳೆಯಲ್ಲಿ ಕೊಚ್ಚಿಹೋಯಿತು. ಸಂಚಿತಾ ಬಾಯಿ ತೆರೆದಳು. ಮೋಹನದಾಸರು ಪಾಪ್‌ಕಾರ್ನನ್ನೂ ಬಿಟ್ಟು ಅವಳನ್ನು ಎಳೆದುಕೊಂಡು ಕಾರಿಗೆ ಓಡಿದರು. ಮನೆ ಮುಟ್ಟುವುದರೊಳಗೆ ಅಳು ನಿಲ್ಲಬೇಕು. ಇಲ್ಲದಿದ್ದರೆ ಮಗಳು ಇನ್ನು ಮೊಮ್ಮಗಳನ್ನು ಅವರ ಜೊತೆ ಗೇಟು ದಾಟಲೂ ಬಿಡಲಾರಳು.

ಬಲ್ಮಠದಲ್ಲಿ ಟ್ರಾಫಿಕ್ ಪೊಲೀಸ್ ಸೆಡ್ರಿಕ್ ಕೈ ಅಡ್ಡ ಹಿಡಿದ. ಹಿಂದಿನ ಗಾಜಿಗೆ ಮೂಗು ಒತ್ತಿ ಅಳುವ ಮಗು, ಮುಂದೆ ಬೆವರುವ ಮುದುಕ.

"ಎಂತ ಆಯ್ತು ಪುಟ್ಟಿ? ಅಮ್ಮ ಎಲ್ಲಿ?"

ಸಂಚಿತಾಳ ಲೆಕ್ಕದಲ್ಲಿ ಆಗಲೇ ಲೋಕದ ಅಮ್ಮಂದಿರೆಲ್ಲ ಮುಳುಗಿದ್ದರು. "ಹೊಳೆಯಲ್ಲಿ ಹೋದಳು."

"ಇವರು ಎಂತ ಮಾಡಿದ್ರು?"

"ಎಳ್ಕೊಂಡು ಬಂದ್ರು. ನಾನು ಬರುದಿಲ್ಲ ಹೇಳಿದೆ."

ಬಸ್‌ಸ್ಟಾಪಿನಲ್ಲಿ ಬಸ್ಸು ಕಾಯುತ್ತಿದ್ದ ಲಿಡಿಯಾ ಟೀಚರ್ ಕೊಡೆ ಸಮೇತ ಇಳಿದು ಬಂದರು. "ಮೂವತ್ತು ವರ್ಷ ಮಕ್ಕಳ ಅಳು ಕೇಳಿದ್ದೇನೆ ಸೆಡ್ರಿಕ್. ಇದು ಸುಳ್ಳು ಅಳು ಅಲ್ಲ."

"ಅವಳ ಮನೆಯವರ ನಂಬರ್ ಕೊಡಿ," ಎಂದ ಸೆಡ್ರಿಕ್.

"ಮನೆಗೆ ಮಾತ್ರ ಬೇಡ ಮಾರಾಯ್ರೆ. ಡ್ಯಾಶ್‌ಕ್ಯಾಮ್ ಉಂಟು, ದುಬೈಯಿಂದ ಅಳಿಯ ಕಳಿಸಿದ್ದು. ಕಾರಿನ ಒಳಗಿನದ್ದೂ ರೆಕಾರ್ಡ್ ಆಗ್ತದೆ. ನೀವೇ ನೋಡಿ."

ಮೊಬೈಲಿನಲ್ಲಿ ವಿಡಿಯೋ ತೆರೆಯಿತು. ಮೊದಲು ಕೇಳಿದ್ದೇ ಮೋಹನದಾಸರ ಪಿಸುದನಿ: "ಅಮ್ಮನಿಗೆ ಹೇಳ್ಬಾರ್ದು ಆಯ್ತಾ? ಹೇಳದಿದ್ರೆ ಐಸ್‌ಕ್ರೀಮ್."

"ಸೆಡ್ರಿಕ್, ಮೊದಲು ಕಾರಿನ ಕೀ ತೆಗಿ," ಎಂದರು ಟೀಚರ್.

ಮೋಹನದಾಸರು ಕೀಯನ್ನು ಅಂಗೈಯಿಂದ ಮುಚ್ಚಿ ಹಿಡಿದು, "ಪೂರ್ತಿ ನೋಡಿ ಮಾರಾಯ್ರೆ," ಎಂದರು. ವಿಡಿಯೋ ಮುಂದುವರಿಯಿತು: "ಅಳ್ಬೇಡ ಮಗಾ, ಅದು ಚಿತ್ರ ಬಿಡಿಸಿದ ಆನೆ, ನಿಜದ್ದಲ್ಲ." ಹಾಗೆಂದವರೇ ಎರಡು ಸಲ ಮೂಗು ಸೀಟಿದ್ದೂ ದಾಖಲಾಗಿತ್ತು.

ಸೆಡ್ರಿಕ್‌ನ ಮುಖ ಸಡಿಲಾಯಿತು. "ಆನೆಮರಿ ಪಿಕ್ಚರಾ? ಇಂಟರ್ವಲ್ಲಿಗೇ ಎದ್ದು ಬಂದ್ರಾ? ಎಂತ ಅಜ್ಜ ಮಾರಾಯ್ರೆ ನೀವು. ನನ್ನ ಮಕ್ಕಳು ಮೂರು ಸಲ ನೋಡಿದ್ದಾರೆ." ಕಿಟಕಿಗೆ ಬಗ್ಗಿ ಹೇಳಿದ, "ಪುಟ್ಟಿ, ಅಮ್ಮ ಸತ್ತಿಲ್ಲ. ಆಚೆ ದಡದಲ್ಲಿ ಕಾಯ್ತಾ ಇದ್ದಾಳೆ. ಕೊನೆಗೆ ಸಿಗ್ತಾಳೆ."

ನಲ್ಲಿ ತಿರುಗಿಸಿದಂತೆ ಅಳು ನಿಂತಿತು.

"ನಿಜವಾಗ್ಲೂ?"

"ಪೊಲೀಸರು ಸುಳ್ಳು ಹೇಳ್ತಾರಾ?"

ಟೀಚರ್ ಏನೋ ಹೇಳಹೊರಟು, ಬಸ್ಸು ಬಂದದ್ದರಿಂದ ಬಿಟ್ಟರು.

ಮೋಹನದಾಸರು ದಾರಿಯಲ್ಲಿ ಕಾರು ನಿಲ್ಲಿಸಿ ಮೊಮ್ಮಗಳ ಮುಖ ತೊಳೆದರು, ಜಡೆ ಸರಿಮಾಡಿದರು, ಫ್ರಾಕಿನ ಮೇಲಿನ ಪಾಪ್‌ಕಾರ್ನಿನ ಚೂರು ಹೆಕ್ಕಿದರು. ಸಿನಿಮಾದ ಒಂದು ಗುರುತೂ ಉಳಿಯಲಿಲ್ಲ. ಹುಡುಗಿ ಹಾಡುತ್ತಿದ್ದಳು, ಅಜ್ಜನೂ ದನಿಗೂಡಿಸಿದರು.

ಮಗಳು ಜಗಲಿಯಲ್ಲೇ ನಿಂತಿದ್ದಳು. "ಪಾರ್ಕಲ್ಲಿ ಎಂತೆಲ್ಲ ಆಡಿದ್ರಿ?"

ಮೋಹನದಾಸರು ಚಪ್ಪಲಿ ಕಳಚುತ್ತ, ಉಯ್ಯಾಲೆಯಿಂದ ಶುರುಮಾಡುವುದೋ ಜಾರುಬಂಡಿಯಿಂದಲೋ ಎಂದು ಯೋಚಿಸುತ್ತಿರುವಾಗ ಸಂಚಿತಾ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡಳು.

"ಅಮ್ಮಾ, ನೀನು ಸತ್ತಿಲ್ಲವಂತೆ. ಪೊಲೀಸ್ ಮಾಮ ಹೇಳಿದ್ರು."

ಮೋಹನದಾಸರು ಕಳಚಿದ ಚಪ್ಪಲಿಯನ್ನು ಮೆಲ್ಲನೆ ಮತ್ತೆ ಮೆಟ್ಟಿಕೊಂಡರು.