ಖರೇ ಹಳೇದು ಐತೇನವಾ?

ಚನ್ನವ್ವ: ಒಂದ ಕಲಿ ತೋರಸವಾ ಇದರಾಗ. ಒಂದ ಒಂದು. ಈಗಿಂದೀಗ ತೊಗೋತೇನಿ.

ಭಾಗೀರಥಿ: ಅಲ್ರಿ ಆಯಿ, ಕಲಿ ಎಲ್ಲಿಂದ ತರ್ಲಿ? ಅಂಗಡಿ ಇಟ್ಟ ಹನ್ನೊಂದ ವರ್ಷಾತು. ನನ್ನ ಮಾಲಿನಾಗ ಕಲಿ ಐತಿ ಅಂದಾವ್ರ ಇನ್ನೂ ಹುಟ್ಟಿಲ್ಲ.

ಚನ್ನವ್ವ: ನಾನೂ ಅದ ಅನ್ನಾಕ ಹತ್ತೇನಿ. ಕಲಿ ಇಲ್ಲ. ಅದಕ್ಕ ಬ್ಯಾಡ.

ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಭಾಗೀರಥಿಯ ಅಂಗಡಿ. ಬೆಳಗಾವಿ, ಹುಬ್ಬಳ್ಳಿಯ ಉಳ್ಳವರ ಮಕ್ಕಳು ಒಂದೆರಡು ಸಲ ಹಾಕಿ ಬಿಟ್ಟ ಬಟ್ಟೆಗಳನ್ನು ಆರಿಸಿ ತಂದು, ಕುದಿಸಿ ಒಗೆದು, ಸಡಿಲಾದ ಗುಂಡಿ ಬಿಗಿದು, ಇಸ್ತ್ರಿ ಹೊಡೆದು ಮಾರುತ್ತಾಳೆ. ಒಂದು ಕಲೆಯೂ ಉಳಿಯಬಾರದು, ಹಳೆಯದು ಹಳೆಯದೆಂದು ಯಾರಿಗೂ ಗುರುತು ಸಿಗಬಾರದು. ಅದು ಅವಳ ಕಸುಬಿನ ಹೆಮ್ಮೆ. ಆ ಹೆಮ್ಮೆಗೆ ಇವತ್ತು ದೊಡವಾಡದ ಚನ್ನವ್ವ ಬಂದು ಗಂಟುಬಿದ್ದಿದ್ದಾಳೆ, ಹುಟ್ಟಿ ನಾಲ್ಕೇ ದಿನವಾದ ಮೊಮ್ಮಗಳಿಗೆ ಅಂಗಿ ಬೇಕೆಂದು, ಒಂದೊಂದರದೂ ರೇಟ್ ಕೇಳುತ್ತ. ಅವಳ ಗಂಡ ಅಂದಾನೆಪ್ಪ ಬಾಗಿಲಲ್ಲಿ ರಸ್ತೆಗೆ ಬೆನ್ನು ಮಾಡಿ, ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಹೊದ್ದು ನಿಂತಿದ್ದಾನೆ.

ಅಂದಾನೆಪ್ಪ: ಲಗೂನ ಮುಗಸ. ಎದುರಿಗೆ ನಮ್ಮೂರ ನಿಜಗುಣಪ್ಪ ಚಾ ಕುಡ್ಯಾಕ ಹತ್ಯಾನ. ಅಂದಾನೆಪ್ಪ ಮೊಮ್ಮಗಳಿಗೆ ಹಳೇ ಅರಬಿ ತೊಗೊಂಡಾ ಅಂತ, ನಾ ಊರ ಮುಟ್ಟೂದರಾಗ ಅವನ ಬಾಯಿ ಮುಟ್ಟಿರತೈತಿ.

ಚನ್ನವ್ವ: ನೀವ ಹಂಗ ತಲಿ ಮ್ಯಾಲ ವಲ್ಲಿ ಹೊಚಗೊಂಡ ನಿಂತ್ರ ಕುರಿ ಕದ್ದಾವ್ರಂಗ ಕಾಣತೀರಿ. ಅದನ್ನ ನೋಡಾಕರ ಬರತಾನಾವ.

ಭಾಗೀರಥಿ ಕಪಾಟಿನ ಮೇಲಿನ ಖಾನೆಯಿಂದ ಹತ್ತಿಯಷ್ಟು ಮೆತ್ತನೆಯ ಒಂದು ಎಳೆಗೂಸಿನ ಝಬಲಾ ಇಳಿಸಿದಳು. ಅದನ್ನು ಅವಳು ಎಲ್ಲರಿಗೂ ತೋರಿಸುವುದಿಲ್ಲ.

ಭಾಗೀರಥಿ: ಇದನ್ನ ನೋಡ್ರಿ. ಬೆಳಗಾವಿ ಡಾಕ್ಟರ ಮನೀದು. ಒಂದ ಸಲ ಹಾಕಿದ್ದು, ಅದೂ ಫೋಟೋಕ್ಕ.

ಚನ್ನವ್ವ: ಫೋಟೋಕ್ಕ ಹಾಕಿದ್ರ ತೊಟ್ಟಂಗಾತೇನವಾ? ಕೂಸು ಇದರಾಗ ಒಮ್ಮೆರ ಉಚ್ಚಿ ಹೊಯ್ದಿತ್ತೇನು?

ಭಾಗೀರಥಿ: ಇಲ್ರಿ, ದೇವರಾಣಿಗೂ ಇಲ್ಲ.

ಚನ್ನವ್ವ: ಹಾಲು ಕಕ್ಕಿತ್ತು?

ಭಾಗೀರಥಿ: ಎಂಥಾ ಮಾತ್ರಿ. ಅದು ಅಂಥಾ ಕೂಸ ಅಲ್ಲ.

ಚನ್ನವ್ವ: ಪಾಪ, ಆರಾಮ ಇದ್ದಿದ್ದಿಲ್ಲೇನ ಅದಕ್ಕ?

ಭಾಗೀರಥಿಗೆ ಈಗ ಅರ್ಥವಾಯಿತು ಅನಿಸಿತು. ಮುದುಕಿಗೆ ರೋಗದ ಭಯ ಇರಬೇಕು.

ಭಾಗೀರಥಿ: ಏನೂ ಅಂಜಬ್ಯಾಡ್ರಿ. ಮೂರ ಸಲ ಕುದಿಸೇನಿ. ಕೂಸ ತೊಟ್ಟಿದ್ದರ ಗುರತನ ಉಳದಿಲ್ಲ.

ಚನ್ನವ್ವ ಝಬಲಾ ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದಳು. ಮುಖ ಸಣ್ಣದಾಯಿತು.

ಚನ್ನವ್ವ: ಖರೇ ಐತಿ, ಏನೂ ಉಳದಿಲ್ಲ. ಬರೇ ಸಬಕಾರದ ವಾಸನಿ. ಹೊಸಾದಕ್ಕ ಹಳೇದು ಅಂತ ಹೇಳಿ ಮಾರಾಕ ಹತ್ತಿಲ್ಲ ಹೌದಲ್ಲ?

ಭಾಗೀರಥಿ: ಹಳೇದಕ್ಕ ಹೊಸಾದು ಅಂತ ಮಾರಾವ್ರನ್ನ ಮಂದಿ ಬೈತಾರ್ರಿ. ನನಗ ಇದ್ಯಾವ ಹೊಸಾ ಬೈಗಳಾ?

ಅಂದಾನೆಪ್ಪ: ಬೈಗಳರ ಹೊಸಾದ ಸಿಕ್ತಲ್ಲ. ನಡಿ ಹೋಗೂಣು.

ಭಾಗೀರಥಿ ಸಿಟ್ಟಿನಿಂದ ಮೇಜಿನ ಕೆಳಗಿದ್ದ ಒಂದು ಗಂಟನ್ನು ಎಳೆದು ಬಿಚ್ಚಿದಳು. ಮಾರಾಟಕ್ಕೆ ಬಾರದ ಹರಕು ಮುರುಕು, ಗ್ಯಾರೇಜಿನವರು ಕೈ ಒರೆಸಲು ಒಯ್ಯುವಂಥವು. ನೋಡಿದರೆ ಮುದುಕಿ ತಾನೇ ಎದ್ದು ಹೋಗುತ್ತಾಳೆ ಎಂದು ಅವಳ ಲೆಕ್ಕ. ಚನ್ನವ್ವ ಎದ್ದು ಹೋಗಲಿಲ್ಲ, ಗಂಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು.

ಚನ್ನವ್ವ: ಇವನ್ನ ಮುಚ್ಚಿಟ್ಟ ನನಗ ಫೋಟೋದ್ದ ತೋರಿಸ್ತಿಯಲ್ಲವಾ. ಈ ಅಂಗಿ ಎಷ್ಟ ಛಲೋ ಹರದೈತಿ. ಇದು ಯಾರ ಮನೀದು?

ಭಾಗೀರಥಿ: ಯಾರಿಗೊತ್ರಿ? ಗಂಟಿನಾಗ ಬಂದದ್ದು.

ಚನ್ನವ್ವ: ಗೊತ್ತಿಲ್ಲಂದ್ರ ಹೆಂಗ? ಆ ಕೂಸು ಬೆಳೀತೋ ಇಲ್ಲೋ, ರೊಟ್ಟಿ ತಿಂತೈತೋ ಇಲ್ಲೋ, ಸಾಲಿಗೆ ಹೊಕ್ಕೈತೋ ಇಲ್ಲೋ?

ಭಾಗೀರಥಿ: ಅಂಗಿ ತೊಗೊಳ್ಳಾಕ ಬಂದೀರೋ, ವರಾ ನೋಡಾಕ ಬಂದೀರೋ?

ಅಂದಾನೆಪ್ಪ: ಮಗಳಿಗೆ ವರಾ ನೋಡೂಮುಂದನೂ ಈಕಿ ಇಷ್ಟ ಕೇಳಿದ್ದಿಲ್ಲ. ಹರದದ್ದ ಬೇಕಂದ್ರ ಇಲ್ಲೀತನಕ ಯಾಕ ಬರಬೇಕಿತ್ತು? ನನ್ನ ಬನೇನ ಇದ್ದಿದ್ದಿಲ್ಲೇನು?

ಚನ್ನವ್ವ: ನಿಮ್ಮ ಬನೇನದಾಗ ಅರಬಿಗಿಂತಾ ತೂತ ಹೆಚ್ಚ ಅದಾವ. ಕೂಸಿಗೆ ಥಂಡಿ ಆಗತೈತಿ.

ಭಾಗೀರಥಿ ಕೈಮುಗಿದಳು.

ಭಾಗೀರಥಿ: ಆಯಿ, ಒಂದ ಕಲಿ ಕಂಡ್ರ ಗಿರಾಕಿ ಬಿಟ್ಟ ಓಡತಾರ. ನೀವ ಕಲಿ ಬೇಕಂತೀರಿ. ನಿಮಗೇನ ಬೇಕು, ಬಾಯಿಬಿಟ್ಟ ಹೇಳ್ರಿ.

ಚನ್ನವ್ವ ಆ ಹರಕು ಅಂಗಿಯನ್ನು ತೊಡೆಯ ಮೇಲೆ ಹಾಸಿ ಸವರಿದಳು.

ಚನ್ನವ್ವ: ನಮ್ಮ ಶಿವಾನಿನ್ನ ಕಟಕೋಳಕ್ಕ ಕೊಟ್ಟೇವಿ. ಲಗ್ನಾಗಿ ಒಂಬತ್ತ ವರ್ಷ. ಮೊದಲಿಂದೊಂದು ಹುಟ್ಟಿ ಹನ್ನೊಂದ ದಿನಕ್ಕ ಹೋತು. ಅದು ಹುಟ್ಟೂಕಿಂತಾ ಮೊದಲ ನಾ ಆರ ಜೋಡಿ ಹೊಸಾ ಅರಬಿ ಹೊಲಿಸಿ ಇಟ್ಟಿದ್ದೆ. ಈಗ ಇದು ಹುಟ್ಟೈತಿ. ನಾಳೆ ಐದನೇ ದಿನ, ಹಣೆಬರ ಬರ್ಯಾಕ ಶೆಟಗೆವ್ವ ಬರತಾಳ. ಆಕಿ ಬಂದಾಗ ಕೂಸಿನ ಮೈಮ್ಯಾಲ ಹೊಸಾದು ಇರಬಾರದು. ಗಟ್ಟಿಮುಟ್ಟ ಬೆಳದ ಕೂಸಿನ ಹಳೇದ ಇರಬೇಕು. ನಮ್ಮತ್ತಿ ಹಂಗ ಮಾಡೇ ಏಳ ಮಂದೀನ ಉಳಿಸಿಕೊಂಡ್ಲು. ನನಗ ಭಾಳ ಅಂಜಿಕಿ ಬರತೈತವಾ.

ಅಂದಾನೆಪ್ಪ ರಸ್ತೆಯ ಕಡೆಗೆ ನೋಡುತ್ತ ನಿಂತ. ಭಾಗೀರಥಿ ಝಬಲಾವನ್ನು ಮೆಲ್ಲನೆ ಮಡಚಿದಳು.

ಭಾಗೀರಥಿ: ಮೊದಲ ಹೇಳಬಾರದ್ರಿ? ಅರ್ಧಾ ತಾಸಾತು.

ಚನ್ನವ್ವ: ಹೇಳಿದ್ರ ಇಸ್ತ್ರಿ ಹೊಡದಿದ್ದನ್ನ ಮುದ್ದಿ ಮಾಡಿ, ಹಳೇದ ಐತಿ ತೊಗೋರಿ ಅಂತಿದ್ದಿ.

ಭಾಗೀರಥಿ: ನಿಮ್ಮ ಓಣ್ಯಾಗ ಯಾರ ಮನ್ಯಾಗೂ ಇಲ್ಲೇನ್ರಿ?

ಚನ್ನವ್ವ: ಎಲ್ಲಿ ಇರತಾವು? ಭಾಂಡೆ ಮಾರಾಕಿ ಬಂದ್ಲಂದ್ರ ಎಲ್ಲಾರೂ ಹಳೇ ಅರಬಿ ಹಾಕಿ ಸ್ಟೀಲ್ ಡಬ್ಬಿ ಈಸ್ಕೋತಾರ.

ಅಂದಾನೆಪ್ಪ: ಎಲ್ಲಾರೂ ಅಂತ ಯಾಕಂತಿ? ಶಿವಾನಿದು ಇದ್ದಬದ್ದದ್ದ ಹಾಕಿ ನೀನೂ ಒಂದ ಈಸ್ಕೊಂಡಿ. ಈಗ ಕೂಸಿಗೆ ಡಬ್ಬಿ ತೊಡಸತೀಯೇನು?

ಚನ್ನವ್ವನ ಕಣ್ಣು ಮೂಲೆಯ ಹೊಲಿಗೆ ಮಷಿನ್ನಿನ ಮೇಲೆ ನಿಂತಿತ್ತು. ಮಷಿನ್ನಿನ ತಲೆಗೆ ಕೂಸಿಗೆ ಹಾಕಿದ ಹಾಗೆಯೇ, ತಲೆ ಬೆನ್ನು ಮುಚ್ಚುವ ಒಂದು ಕುಂಚಿಗೆ ಹಾಕಿತ್ತು. ಕೆಂಪು ಖಣದ್ದು, ಬಣ್ಣ ಮಾಸಿ ಇಟ್ಟಿಗೆಯ ಪುಡಿಯಂತಾಗಿತ್ತು, ಅಂಚೆಲ್ಲ ಎಳೆ ಬಿಟ್ಟಿತ್ತು.

ಚನ್ನವ್ವ: ಅದು?

ಭಾಗೀರಥಿ: ಅದು ಮಾರೂದಲ್ರಿ. ನನ್ನ ಮಗಳ ಕುಂಚಗಿ. ಧೂಳ ಕುಂಡ್ರಬಾರದಂತ ಮಷಿನ್ನಿಗೆ ಹಾಕೇನಿ.

ಚನ್ನವ್ವ: ಮಗಳ ಎಷ್ಟದಾಳ?

ಭಾಗೀರಥಿ: ಹದಿನಾರ. ಕಬಡ್ಡಿ ಆಡತಾಳ. ಊಟಕ್ಕ ಕುಂತ್ರ ನಾಕ ರೊಟ್ಟಿ.

ಚನ್ನವ್ವ: ಇದರಾಗ ಉಚ್ಚಿ?

ಭಾಗೀರಥಿ: ಹೊಳೀನ ಹರಿಸ್ಯಾಳ್ರಿ.

ಚನ್ನವ್ವ: ಹಾಲು?

ಭಾಗೀರಥಿ: ಕಕ್ಕಿದ್ದೆಲ್ಲಾ ಇದರ ಮ್ಯಾಲನ. ಇಲ್ಲಿ ನೋಡ್ರಿ, ಈ ಕಲಿ. ಹನ್ನೊಂದ ವರ್ಷದಾಗ ನನ್ನ ಕೈಲೆ ಹೋಗದ ಕಲಿ ಇದೊಂದ.

ಚನ್ನವ್ವ ಆ ಕಲೆಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಂದಾನೆಪ್ಪ ಒಳಗೆ ಬಂದು ಕಿಸೆಗೆ ಕೈ ಹಾಕಿದ.

ಅಂದಾನೆಪ್ಪ: ಎಷ್ಟಂತ ಹೇಳವಾ. ಚೌಕಾಸಿ ಬ್ಯಾಡ.

ಭಾಗೀರಥಿ: ಮಾರೂದಲ್ಲ ಅಂದೆ ಅಲ್ರಿ.

ಚನ್ನವ್ವ: ಕೈ ತಗೀರಿ ಕಿಸೇದಾಗಿಂದ. ಇದು ಕೊಳ್ಳೂದೂ ಅಲ್ಲ. ಕೊಂಡದ್ದ ನಡ್ಯಾಂಗಿಲ್ಲ, ಬೇಡಿ ಒಯ್ಯಬೇಕು.

ಭಾಗೀರಥಿ: ಬೇಡಿ ಒಯ್ಯಾವ್ರು ಒಂದೊಂದರದೂ ರೇಟ್ ಯಾಕ ಕೇಳಿದ್ರಿ?

ಚನ್ನವ್ವ: ರೇಟ್ ಕೇಳದ ಅಂಗಡ್ಯಾಗ ಕುಂತ್ರ ನೀ ಎಬ್ಬಸತಿದ್ದಿಲ್ಲೇನು? ಮತ್ತ ನಾ ಬೇಡಿದ್ರ ಬರಾಂಗಿಲ್ಲ. ತಾಯಿ ಕಡೆ ಮುತ್ಯಾ, ಅಂದ್ರ ಇವರ, ವಲ್ಲಿ ಒಡ್ಡಬೇಕು.

ಅಂದಾನೆಪ್ಪ: ಇದನ್ನ ಬಸ್ಸಿನಾಗ ಯಾಕ ಹೇಳಲಿಲ್ಲ?

ಚನ್ನವ್ವ: ಹೇಳಿದ್ರ ಇಳದ ಹೋಗತಿದ್ರಿ.

ಅಂದಾನೆಪ್ಪ ಹೊರಗೆ ನೋಡಿದ. ನಿಜಗುಣಪ್ಪ ಚಹಾದ ಲೋಟ ಇಟ್ಟು, ಇತ್ತಲೇ ಕಣ್ಣು ನೆಟ್ಟು ರಸ್ತೆ ದಾಟುತ್ತಿದ್ದ. ಅಂದಾನೆಪ್ಪನ ಕಿವಿ ಕೆಂಪಾದವು. ಊರಿನ ಪಂಚರ ಮುಂದೆಯೂ ಒಂದು ಮಾತು ಬಗ್ಗಿ ಆಡದ ಮನುಷ್ಯ. ಆಮೇಲೆ ಅವನು ತಲೆಯ ಮೇಲಿನ ವಲ್ಲಿ ತೆಗೆದು, ಜಾಡಿಸಿ, ಎರಡೂ ಕೈಯಿಂದ ಭಾಗೀರಥಿಯ ಮುಂದೆ ಒಡ್ಡಿದ.

ಅಂದಾನೆಪ್ಪ: ಕೊಡ ತಂಗಿ. ನನ್ನ ಮೊಮ್ಮಗಳು ಉಳೀಬೇಕು.

ಚನ್ನವ್ವನಿಗೆ ಗಂಡನ ಮೇಲೆ ಎಂದೂ ಹುಟ್ಟದಷ್ಟು ಪ್ರೀತಿ ಹುಟ್ಟಿತು. ಭಾಗೀರಥಿ ಮಷಿನ್ನಿನ ತಲೆಯಿಂದ ಕುಂಚಿಗೆ ತೆಗೆದು, ಒಮ್ಮೆ ತನ್ನ ಕೆನ್ನೆಗೆ ಒತ್ತಿ, ವಲ್ಲಿಯಲ್ಲಿ ಇಟ್ಟಳು.

ಭಾಗೀರಥಿ: ನಾಕ ಅಲ್ಲ, ಐದ ರೊಟ್ಟಿ ತಿನ್ನೂವಂಗ ಬೆಳೀಲಿ. ಆದ್ರ ಅಜ್ಜಾರ, ಇದು ನನ್ನ ಅಂಗಡೀದು ಅಂತ ಯಾರಿಗೂ ಹೇಳಬ್ಯಾಡ್ರಿ. ಇಷ್ಟ ಕಲಿ ಇದ್ದ ಮಾಲು ಇಲ್ಲಿ ಸಿಗತೈತಿ ಅಂತ ಸುದ್ದಿ ಆದ್ರ ನನ್ನ ವ್ಯಾಪಾರ ಮುಗೀತು.

ಅಷ್ಟರಲ್ಲಿ ನಿಜಗುಣಪ್ಪ ಬಾಗಿಲಿಗೆ ಬಂದೇ ಬಿಟ್ಟ.

ನಿಜಗುಣಪ್ಪ: ವಲ್ಲಿ ನೋಡೇ ಗುರ್ತ ಹಿಡದೆ ಅಂದಾನೆಪ್ಪಣ್ಣಾ. ಇದೇನು, ನೀವೂ ಹಳೇ ಅರಬಿ ಅಂಗಡ್ಯಾಗ?

ಅಂದಾನೆಪ್ಪ ಕುಂಚಿಗೆಯನ್ನು ಕಲೆ ಮೇಲಾಗಿ ಕಾಣುವಂತೆ ಹೆಗಲಿಗೆ ಹಾಕಿಕೊಂಡ.

ಅಂದಾನೆಪ್ಪ: ಬೋರ್ಡಿನ ಮ್ಯಾಲ ಅಷ್ಟ ಹಳೇವ ಅಂತ ಬರದೈತಿ, ನಿಜಗುಣಪ್ಪ. ಒಳಗ ನೋಡಿದ್ರ ಎಲ್ಲಾ ಹೊಸಾವನ. ಅರ್ಧಾ ತಾಸು ಹುಡಿಕಿದ್ರೂ ಒಂದ ಕಲಿ ಸಿಗಲಿಲ್ಲ. ಖರೇ ಹಳೇದು ಅಂತ ಇದ್ದದ್ದ ಇದೊಂದ, ಇದನ್ನ ನಾ ಬೇಡಿ ಒಯ್ಯಾಕ ಹತ್ತೇನಿ.

ಭಾಗೀರಥಿಯ ಮುಖ ಅರಳಿತು.

ಭಾಗೀರಥಿ: ಅಜ್ಜಾರ, ಈ ಮಾತ ಹಿಂಗ ದೊಡವಾಡದಾಗೂ ನಾಕ ಮಂದಿಗೆ ಹೇಳ್ರಿ.

ಅಂದಾನೆಪ್ಪ: ನಾ ಯಾಕ ಹೇಳ್ಲಿ? ನಿಜಗುಣಪ್ಪ ನೋಡ್ಯಾನಲ್ಲ.